ಶೂನ್ಯ ಟಿಕೆಟ್ಟಿನ ವರ್ಷ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ 1981ನೇ ಸಾಲಿನ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಬ್ಯಾಂಕ್ ಮ್ಯಾನೇಜರು, ಒಬ್ಬರು ಮೂರು ದೇಶ ನೋಡಿ ಬಂದವರು. ನಾನು ಕಮರ್ಷಿಯಲ್ ಸ್ಟ್ರೀಟ್‌ನ ಒಂದು ಅಡ್ಡರಸ್ತೆಯ ಸೀರೆ ಮತ್ತು ಮ್ಯಾಚಿಂಗ್ ಅಂಗಡಿಯಲ್ಲಿ 41 ವರ್ಷ ಬಟ್ಟೆ ಕತ್ತರಿಸಿದವಳು. ನಿಮ್ಮ ಸಾಧನೆ ಹೇಳಿ ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಸಾಧನೆ ಏನೂ ಇಲ್ಲ ಸಾರ್, ಒಂದು ಬಿಸ್ಕೆಟ್ ಡಬ್ಬಿ ತುಂಬ ಬಸ್ ಟಿಕೆಟ್ ಇದೆ ಎಂದೆ. ಅದನ್ನೇ ಹೇಳಿ ಅಂದರು. ಡಬ್ಬಿ ತಂದಿದ್ದೇನೆ. 61 ಟಿಕೆಟ್. ಎಲ್ಲವೂ ಶೂನ್ಯ ರೂಪಾಯಿಯವು.

2023ರ ಏಪ್ರಿಲ್‌ನಲ್ಲಿ ನಮ್ಮ ಅಂಗಡಿ ಮುಚ್ಚಿತು. ಕೊರೊನಾ ಬಂದಾಗಲೇ ವ್ಯಾಪಾರ ಕುಂಟುತ್ತಿತ್ತು. ಅದರ ಮೇಲೆ ರಸ್ತೆ ಅಗೆದು ಕಲ್ಲು ಹಾಸುವ ಕೆಲಸ, ಆಮೇಲೆ ಮನೆ ಬಾಗಿಲಿಗೇ ಬಟ್ಟೆ ತರುವ ಫೋನು. ಮಾಲೀಕರು ಒಂದಷ್ಟು ದುಡ್ಡು ಕೊಟ್ಟು ಕಳಿಸಿದರು. 17 ವರ್ಷದವಳು ಒಳಗೆ ಹೋದವಳು 58ಕ್ಕೆ ಹೊರಗೆ ಬಂದೆ. ಮರುದಿನ ಬೆಳಗ್ಗೆ ಎಂಟೂವರೆಗೆ ಊಟದ ಡಬ್ಬಿ ಕಟ್ಟಿಕೊಂಡು ಬಾಗಿಲವರೆಗೆ ಹೋಗಿಬಿಟ್ಟಿದ್ದೆ. ಸೊಸೆ ಕೇಳಿದಳು, ಎಲ್ಲಿಗೆ ಅತ್ತೆ ಎಂದು.

ಆಮೇಲೆ ಜೂನ್ 11ನೇ ತಾರೀಕು ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಉಚಿತ. ಐರಾವತ, ರಾಜಹಂಸಕ್ಕೆ ಇಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಅದರ ಬಗ್ಗೆ ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯ ಇರಬಹುದು. ನನ್ನ ಎದುರಿಗೇ ಒಬ್ಬರು, ಫ್ರೀ ಅಂತ ಮನೆ ಮಠ ಬಿಟ್ಟು ಊರು ಸುತ್ತೋಕೆ ಹೊರಟವರೆ ನೋಡಿ, ಅಂದರು. ನಾನು ತಲೆ ತಗ್ಗಿಸಿದೆ, ನಿಜ ಹೇಳುತ್ತೇನೆ. ಪಕ್ಕದಲ್ಲಿದ್ದ ನನ್ನ ಗೆಳತಿ ತಗ್ಗಿಸಲಿಲ್ಲ. "ಹೌದಣ್ಣ, ಸುತ್ತೋಕೇ ಹೊರಟಿದೀವಿ. ನೀವು ಮದುವೆಗೆ ಮುಂಚೆ ಸುತ್ತಿದ್ರಲ್ಲ, ನಾವು ಈಗ" ಅಂದಳು. ಬಸ್ಸೆಲ್ಲ ನಕ್ಕಿತು. ಆ ಅಣ್ಣನೂ ನಕ್ಕರು.

ಆ ಗೆಳತಿ ಅಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಇದೇ ಶಾಲೆಯಲ್ಲಿ ಎಂಟನೇ ಕ್ಲಾಸಿನಿಂದ ನನ್ನ ಬೆಂಚು. ಅವಳ ಮನೆ ಮಾತು ಉರ್ದು, ನನ್ನದು ತಮಿಳು. ಇಬ್ಬರಿಗೂ ಕನ್ನಡ ಬೀದಿಯಲ್ಲಿ ಕೇಳಿ ಗೊತ್ತಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ನನಗೆ ಮಹಾಪ್ರಾಣ ಹೊರಡದು: ಭಾರತ ಬಾರತವಾಗುತ್ತಿತ್ತು, ಘಂಟೆ ಗಂಟೆಯಾಗುತ್ತಿತ್ತು. ಅವಳಿಗೆ ಮಹಾಪ್ರಾಣ ಎಲ್ಲ ಸಲೀಸು, ಆದರೆ 'ಳ' 'ಣ' ಬಾರದು. ಬಾಳೆಹಣ್ಣು ಅವಳ ಬಾಯಲ್ಲಿ ಬಾಲೆಹನ್ನು. ನಮ್ಮ ಕನ್ನಡ ಮೇಷ್ಟ್ರು ಇಬ್ಬರನ್ನೂ ಎಬ್ಬಿಸಿ ಒಂದೇ ಬೆಂಚಿಗೆ ಹಾಕಿದರು. "ಈಕಿಗೆ ಇರೂದು ಆಕಿಗಿಲ್ಲ, ಆಕಿಗೆ ಇರೂದು ಈಕಿಗಿಲ್ಲ. ಇಬ್ಬರೂ ಕೂಡಿದ್ರ ಒಂದು ವರ್ಣಮಾಲೆ ಆಗತದ" ಅಂದರು. ಮೇಷ್ಟ್ರು ಹುನಗುಂದದ ಕಡೆಯವರು. ಅವರ ಮಾತು ಕೇಳಿ ನಾವು ಡೆಸ್ಕಿನ ಕೆಳಗೆ ತಲೆ ಹಾಕಿ ನಗುತ್ತಿದ್ದೆವು. ನಮಗೇ ಕನ್ನಡ ನೆಟ್ಟಗಿರಲಿಲ್ಲ, ಅವರ ಕನ್ನಡಕ್ಕೆ ನಗುವುದು!

1979ರ ಡಿಸೆಂಬರ್‌ನಲ್ಲಿ ಮೇಷ್ಟ್ರು ಒಂಬತ್ತನೇ ಕ್ಲಾಸಿನವರನ್ನು ಪ್ರವಾಸಕ್ಕೆ ಕರೆದುಕೊಂಡು ಹೋದರು. ಬಾದಾಮಿ, ಪಟ್ಟದಕಲ್ಲು, ಬಿಜಾಪುರ. ತಲೆಗೆ 85 ರೂಪಾಯಿ. ನಮ್ಮಪ್ಪ ಇಬ್ರಾಹಿಂ ಸಾಹೇಬ್ ಸ್ಟ್ರೀಟ್‌ನ ದರ್ಜಿ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸ ಮಾಡುತ್ತಿದ್ದರು. 85 ರೂಪಾಯಿ ಎಲ್ಲಿಂದ ಬರಬೇಕು? ಮೇಷ್ಟ್ರು ತಾವೇ ಹಾಕುತ್ತೇನೆ ಅಂದರೂ ಅಪ್ಪ ಒಪ್ಪಲಿಲ್ಲ. ನಾನೂ ಈ ಗೆಳತಿಯೂ ಇನ್ನೊಬ್ಬಳೂ ಹೋಗಲಿಲ್ಲ. ಹಿಂದಿರುಗಿದ ಮೇಲೆ ಮೇಷ್ಟ್ರು ನಮ್ಮ ಮೂವರ ಕೈಗೂ ಒಂದೊಂದು ಕಾಗದದ ಪೊಟ್ಟಣ ಇಟ್ಟರು. ಒಳಗೆ ತ್ರಿಕೋನವಾಗಿ ಮಡಚಿದ ಬಣ್ಣದ ಬಟ್ಟೆ. "ಗುಳೇದಗುಡ್ಡದ ಖಣ ಅದು. ನಿಮ್ಮವ್ವಗ ಕೊಡ್ರಿ, ಕುಪ್ಪಸ ಹೊಲಿಸ್ಕೊಳ್ಳಲಿ" ಅಂದರು. ನಮ್ಮ ಅಮ್ಮ ಅದನ್ನು ಕತ್ತರಿಸಲು ಮನಸ್ಸಾಗದೆ ಟ್ರಂಕಿನಲ್ಲೇ ಇಟ್ಟುಕೊಂಡರು.

ಆ ವರ್ಷ ನಾವಿಬ್ಬರೂ ಮಾಡಿದ್ದು ಬೇರೇನೂ ಅಲ್ಲ, ಬಾಕಿ ಉಳಿದಿದ್ದ ಆ ಪ್ರವಾಸ. ಆದರೆ ಒಂದೇ ಸಲಕ್ಕೆ ಅಲ್ಲಿಗೆ ಹೋಗಿಬಿಡುವ ಧೈರ್ಯ ಇರಲಿಲ್ಲ. ಮೊದಲ ತಿಂಗಳು ಶಿವಾಜಿನಗರದಿಂದ ಕೆ.ಆರ್. ಪುರ, ಅಲ್ಲಿಂದ ಹೊಸಕೋಟೆ, ಹೀಗೆ ಕೈಕಾಲು ಪಳಗಿಸಿಕೊಂಡೆವು. ಜುಲೈನಲ್ಲಿ ನಾದಿನಿ ಜೊತೆ ಧರ್ಮಸ್ಥಳಕ್ಕೆ ಹೊರಟೆ. ಆಗ ಬಸ್ಸುಗಳ ನೂಕುನುಗ್ಗಲು ಹೇಗಿತ್ತೆಂದು ನಿಮಗೆಲ್ಲ ಗೊತ್ತು. ಹಾಸನದವರೆಗೆ ನಿಂತೇ ಹೋಗಿ, ಅಲ್ಲಿ ಇಳಿದು, ಒಂದು ಕಾಫಿ ಕುಡಿದು, ಮಂಜುನಾಥಸ್ವಾಮಿಗೆ ಅಲ್ಲಿಂದಲೇ ಕೈಮುಗಿದು ವಾಪಸ್ಸು ಬಂದೆವು. ಅದೂ ಒಂದು ಪ್ರಯಾಣವೇ ಎಂದು ಲೆಕ್ಕಕ್ಕೆ ಹಿಡಿದಿದ್ದೇನೆ.

ಆಗಸ್ಟ್ ಮೊದಲ ವಾರ ಹುಬ್ಬಳ್ಳಿಗೆ ಹೋದೆವು. ಅಲ್ಲಿ ಬೆಂಗೇರಿ ಎಂಬ ಕಡೆ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಶುರುವಾದದ್ದು. ನಮ್ಮ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ನಾನು ಬಟ್ಟೆಯವಳಾದ್ದರಿಂದ ಮೊದಲು ಕಣ್ಣು ಹೋದದ್ದು ಹೊಲಿಗೆ ಮೇಲೆ. ಒಂದು ಟಾಕಿ ಹೆಚ್ಚುಕಮ್ಮಿಯಾದರೂ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಚಕ್ರದ 24 ಕಡ್ಡಿ ಎರಡೂ ಬದಿಯಲ್ಲಿ ಒಂದರ ಬೆನ್ನಿಗೆ ಒಂದು ಕೂರಬೇಕು. ಒಂಬತ್ತು ಅಳತೆಗಳಲ್ಲಿ ಮಾಡುತ್ತಾರೆ. ಮೇಜಿನ ಮೇಲಿಡುವ ಆರು ಇಂಚಿನದರಿಂದ ಹಿಡಿದು 21 ಅಡಿ ಉದ್ದ 14 ಅಡಿ ಅಗಲದವರೆಗೆ. 2021ರ ಕೊನೆಗೆ ನಿಯಮ ಬದಲಾಗಿ ಪಾಲಿಯೆಸ್ಟರ್ ಬಟ್ಟೆಯ ಬಾವುಟಕ್ಕೂ ಒಪ್ಪಿಗೆ ಸಿಕ್ಕಿದೆ. ಅಲ್ಲೊಬ್ಬ ಹೆಂಗಸು, "ನಿಮ್ಮ ಬೆಂಗಳೂರಾಗ ಎಂಥಾ ಬಾವುಟ ಮಾರತಾರ್ರೀ ಅಕ್ಕಾರ?" ಎಂದು ಕೇಳಿದರು. ಪ್ರತಿ ಆಗಸ್ಟ್‌ನಲ್ಲಿ ನಮ್ಮ ಬೀದಿಯ ತುದಿಯಲ್ಲಿ ಮಾರುವುದು ಎಂಥದ್ದೆಂದು ನನಗೆ ಗೊತ್ತಿತ್ತು. ನಾನು ಮಾತು ಮರೆಸಿದೆ.

ಹಾಗೆ ಮಾತು ಮರೆಸುವುದು ನಮ್ಮ ಕಸುಬಿನಲ್ಲೇ ಇದೆ. ಮಕ್ಕಳೇ, ಮ್ಯಾಚಿಂಗ್ ಅಂಗಡಿ ಎಂದರೆ ಏನೆಂದು ಹೇಳುತ್ತೇನೆ. ಗಿರಾಕಿ ಸೀರೆ ತರುತ್ತಾರೆ, ಅದಕ್ಕೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ನಾವು ಹುಡುಕಿಕೊಡಬೇಕು. ಬರೀ ಹಸಿರು ಎಂದರೆ ಆಗುವುದಿಲ್ಲ. ಬಾಟಲ್ ಗ್ರೀನ್, ರಾಮಾ ಗ್ರೀನ್, ಗಿಳಿ ಹಸಿರು ಎಲ್ಲ ಬೇರೆ. ನೀಲಿಯಲ್ಲಿ ಎಂ.ಎಸ್. ಬ್ಲೂ ಅಂತಲೇ ಒಂದಿದೆ, ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯಿಂದ ಬಂದ ಹೆಸರು. ಟ್ಯೂಬ್‌ಲೈಟಿನಲ್ಲಿ ನೋಡಿದ ಬಣ್ಣ ಬಿಸಿಲಿಗೆ ಬೇರೆಯಾಗುತ್ತದೆ, ಅದಕ್ಕೇ ತಾನು ಎತ್ತಿಕೊಂಡು ಬಾಗಿಲಾಚೆ ಓಡಿ ತೋರಿಸಬೇಕು. ಒಬ್ಬರಿಗೆ ತಮಿಳಲ್ಲಿ, ಒಬ್ಬರಿಗೆ ಉರ್ದುವಿನಲ್ಲಿ, ಇನ್ನೊಬ್ಬರಿಗೆ ಇಂಗ್ಲಿಷಿನಲ್ಲಿ. ಕನ್ನಡ ಬೇಕಾದಾಗ ನನ್ನನ್ನು ಕೂಗುತ್ತಿದ್ದರು. ಆ ಅಂಗಡಿಯಲ್ಲಿ ನಾನು "ಕನ್ನಡದವಳು"! ಅದು ಈ ಶಾಲೆ ಕೊಟ್ಟ ಪಟ್ಟ.

ಸೀರೆಗಳಲ್ಲಿ ಇಳಕಲ್ ಸೀರೆಗೆ ನಮ್ಮಲ್ಲಿ ಯಾವಾಗಲೂ ಕೇಳುವವರಿದ್ದರು. ನಾವು ಮಾರುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಪವರ್‌ಲೂಮಿನದು. ಮಾಲೀಕರು ಹೇಳಿಕೊಟ್ಟ ಮಾತು: ಒರಿಜಿನಲ್ ಇಳಕಲ್, ಕೈಮಗ್ಗದ್ದು. ನಾನು ಅದನ್ನು ಮೂರು ಭಾಷೆಯಲ್ಲಿ ಹೇಳಿದ್ದೇನೆ. ಅಂಥ ದೊಡ್ಡ ಸುಳ್ಳು ಎಂದೂ ಅನಿಸಿರಲಿಲ್ಲ. ಬೀದಿಯಲ್ಲಿ ಎಲ್ಲರೂ ಹೇಳುವ ಮಾತು ಸುಳ್ಳಿನ ಹಾಗೆ ಕೇಳಿಸುವುದಿಲ್ಲ.

1998ರ ಸುಮಾರಿಗೆ ಒಂದು ಸಂಜೆ ನಮ್ಮ ಮೇಷ್ಟ್ರು, ಅವರ ಮನೆಯವರು ಅಂಗಡಿಗೆ ಬಂದರು. ನಿವೃತ್ತರಾಗಿದ್ದರು. ಪಕ್ಕದ ಮನೆ ಹುಡುಗಿಯ ಸೀಮಂತ ಮಾರನೆಯ ದಿನ. ಊರಿಂದ ತರಿಸಲು ಪುರಸೊತ್ತಿಲ್ಲ, ಒಂದು ಇಳಕಲ್ ಸೀರೆ ಬೇಕು ಅಂದರು. ನನ್ನನ್ನು ನೋಡಿ ಬಹಳ ಸಂತೋಷಪಟ್ಟರು, "ಭಾರತ ಅನ್ನು ನೋಡೂಣು" ಎಂದು ತಮಾಷೆ ಮಾಡಿದರು. ನಾನು ಸೀರೆ ಬಿಡಿಸಿದೆ. ಮೇಷ್ಟ್ರು ಸೆರಗಿನ ಹತ್ತಿರ ಒಂದು ಕಡೆ ಬೆರಳು ಆಡಿಸಿದರು. "ಇದು ಒರಿಜಿನಲ್ಲೇನವಾ?" ಅಂದರು. ಮಾಲೀಕರು ನನ್ನ ಬೆನ್ನ ಹಿಂದೆ ಗಲ್ಲಾದಲ್ಲಿ ಕೂತಿದ್ದರು. "ಹೌದು ಮೇಷ್ಟ್ರೇ, ಕೈಮಗ್ಗದ್ದು" ಎಂದೆ. ಅವರು ನನ್ನ ಮುಖ ನೋಡಿದರು. "ನೀ ಹೇಳಿದ ಮ್ಯಾಲ ಆತು, ಕಟ್ಟವಾ" ಅಂದು ದುಡ್ಡು ಕೊಟ್ಟು ಹೋದರು. ಆ ಮೇಲೆ ಕೆಲವು ವರ್ಷಕ್ಕೆ ತೀರಿಕೊಂಡರು ಎಂದು ಕೇಳಿದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿ. ನವೆಂಬರ್‌ನಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು 50 ವರ್ಷವಾಯಿತೆಂದು ಎಲ್ಲ ಕಡೆ ಹಳದಿ ಕೆಂಪು ಬಾವುಟ ಕಟ್ಟಿದ್ದಾಗ, ನಾವಿಬ್ಬರೂ ಮೆಜೆಸ್ಟಿಕ್‌ನಲ್ಲಿ ರಾತ್ರಿ ಕೆಂಪು ಬಸ್ಸು ಹತ್ತಿದೆವು. ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಕುಷ್ಟಗಿ ಮೇಲೆ ಇಳಕಲ್. ಅದು ಮಳೆ ಕೈಕೊಟ್ಟ ವರ್ಷ. ದಾರಿಯುದ್ದಕ್ಕೂ ಜೋಳ ಮೊಣಕಾಲುದ್ದಕ್ಕೇ ನಿಂತುಬಿಟ್ಟಿತ್ತು. ಬಸ್ಸಿನಲ್ಲಿದ್ದವರೆಲ್ಲ ನಮ್ಮ ಮೇಷ್ಟ್ರ ಹಾಗೆಯೇ ಮಾತಾಡುತ್ತಿದ್ದರು. ಗೆಳತಿ ನನ್ನ ಪಕ್ಕೆಗೆ ತಿವಿದು, "ಕೇಳು, ಒಂದು ಬಸ್ಸು ತುಂಬ ಮೇಷ್ಟ್ರು" ಅಂದಳು. ನಮ್ಮ ಊರಿನಲ್ಲಿ ಕನ್ನಡ ಎಂದರೆ ಹತ್ತು ಭಾಷೆಯ ನಡುವೆ ಜಾಗ ಮಾಡಿಕೊಂಡು ನಿಲ್ಲುವ ಭಾಷೆ. ಅಲ್ಲಿ ಅದು ಕಾಲು ಚಾಚಿ ಕೂತಿತ್ತು.

ಇಳಕಲ್‌ನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ನೇಕಾರರ ಓಣಿಗೆ ಹೋದೆವು. ಟಕ್ ಟಕ್ ಸದ್ದು ಕೇಳಿದ ಮನೆಯ ಬಾಗಿಲಲ್ಲಿ ನಿಂತೆವು. "ಬರ್ರಿ ಅಕ್ಕಾರ, ಒಳಗ ಬರ್ರಿ, ಕುಂದರ್ರಿ" ಎಂದು ಮನೆಯೊಡತಿ ಕರೆದರು. ಯಾರು, ಯಾವ ಜಾತಿ, ಯಾಕೆ ಬಂದಿರಿ, ಒಂದೂ ಕೇಳಲಿಲ್ಲ. ನೀರು ಕೊಟ್ಟರು, ಆಮೇಲೆ ಚಹಾ. ಯಜಮಾನರು ಕುಣಿಮಗ್ಗದಲ್ಲಿ ಕೂತಿದ್ದರು. ನೆಲದಲ್ಲಿ ತೋಡಿದ ಕುಣಿ, ಅದರ ಅಂಚಿಗೆ ಕೂತು ಕಾಲು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ, ಕೈಯಲ್ಲಿ ಲಾಳಿ ಓಡಿಸುತ್ತಾರೆ. 41 ವರ್ಷ ಬಟ್ಟೆ ಮಾರಿದ ನಾನು ಮಗ್ಗ ನೋಡಿದ್ದು ಅವತ್ತೇ ಮೊದಲು. ಹಾಸು ಹೊಕ್ಕು ಎನ್ನುವ ಮಾತನ್ನು ಪರೀಕ್ಷೆಯಲ್ಲಿ ಸ್ವಂತ ವಾಕ್ಯದಲ್ಲಿ ಬಳಸಿ ಎರಡು ಮಾರ್ಕು ತೆಗೆದಿದ್ದೆ. ಯಾವುದು ಹಾಸು, ಯಾವುದು ಹೊಕ್ಕು ಎಂದು ಗೊತ್ತೇ ಇರಲಿಲ್ಲ.

ಮನೆಯೊಡತಿ ನನಗೆ ತೋರಿಸಿದ್ದನ್ನು ಮಕ್ಕಳಿಗೆ ಸರಿಯಾಗಿ ಹೇಳಬೇಕು. ಸೀರೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಹೆಚ್ಚಾಗಿ ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಅಂದರೆ ಒಂದೇ ಸೀರೆಗೆ ಎರಡು ಬೇರೆ ಹಾಸು. ಮೈ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಸೇರಿಸಬೇಕು. ಇದಕ್ಕೆ ತೋಪು ತೆನಿ ಅನ್ನುತ್ತಾರೆ. ಒಂದು ಸೀರೆಗೆ ಮಾಡಿದ್ದು ಮುಂದಿನ ಸೀರೆಗೆ ಬರುವುದಿಲ್ಲ. ಪ್ರತಿ ಸೀರೆಗೂ ಅಷ್ಟೇ ಉದ್ದದ ಹಾಸು ಹೂಡಿ, ಮತ್ತೆ ಮೊದಲಿನಿಂದ ಸೇರಿಸಬೇಕು. ಮಷೀನಿನ ಸೀರೆಗೆ ಉದ್ದನೆಯ ಹಾಸು ಹೂಡಿ ಒಂದರ ಹಿಂದೆ ಒಂದು ನೇಯ್ದುಬಿಡುತ್ತಾರೆ, ಅಲ್ಲಿ ಈ ಸೇರುವೆ ಇರುವುದಿಲ್ಲ. ಸೆರಗಿನ ಚಿತ್ತಾರಕ್ಕೂ ಊರ ಹೆಸರುಗಳೇ: ಹಣಿಗೆ ಎಂದರೆ ಬಾಚಣಿಗೆ, ತೆನಿ ಎಂದರೆ ಜೋಳದ ತೆನೆ. ದಾರಿಯಲ್ಲಿ ಒಣಗಿ ನಿಂತಿದ್ದುದೂ ಅದೇ ಜೋಳ.

ಆಕೆ ಸೀರೆ ತಿರುಗಿಸಿ ಸೆರಗು ಶುರುವಾಗುವ ಜಾಗಕ್ಕೆ ನನ್ನ ಬೆರಳು ಒತ್ತಿದರು. "ಹಿಂಗ ಬೆರಳು ಆಡಿಸ್ರಿ. ಕುಣಿಕಿ ಹತ್ತಿದ್ರ ಕೈಮಗ್ಗ. ಸಪಾಟ ಇದ್ರ ಅಲ್ಲ. ನಮ್ಮ ಕಡೆ ಸಣ್ಣ ಹುಡುಗೂರಿಗೂ ಗೊತ್ತದ" ಅಂದರು.

ಮೇಷ್ಟ್ರು ಬೆರಳು ಆಡಿಸಿದ್ದು ಅಲ್ಲೇ.

ನನಗೆ ಚಹಾ ಇಳಿಯಲಿಲ್ಲ. ಬೆಂಗಳೂರಿನಲ್ಲಿ ಎಷ್ಟಕ್ಕೆ ಮಾರುತ್ತಾರೆ ಎಂದು ಯಜಮಾನರು ಕೇಳಿದರು. ಈ ಸಲ ಮಾತು ಮರೆಸಲಿಲ್ಲ, ಎಲ್ಲ ಹೇಳಿದೆ, ಪವರ್‌ಲೂಮಿನದನ್ನು ಏನೆಂದು ಹೇಳಿ ಮಾರುತ್ತಿದ್ದೆ ಎನ್ನುವುದನ್ನೂ. ಅವರು ಸಿಟ್ಟಾಗಲಿಲ್ಲ. ಒಂದು ಸೀರೆಗೆ ತಮಗೆ ಉಳಿಯುವ ಕೂಲಿ ಎಷ್ಟೆಂದು ಹೇಳಿದರು. ನಮ್ಮ ಬೀದಿಯಲ್ಲಿ ಒಂದು ಲೈನಿಂಗ್ ಬ್ಲೌಸ್ ಹೊಲಿಯಲು ತೆಗೆದುಕೊಳ್ಳುವುದಕ್ಕಿಂತ ಕಡಿಮೆ. ಮಗ ಗ್ರಾನೈಟ್ ಕೆಲಸಕ್ಕೆ ಹೋಗುತ್ತಾನೆ, ಮಗ್ಗಕ್ಕೆ ಕೂರುವುದಿಲ್ಲ ಅಂದರು. ಅಂಗಡಿಯವರು ಕೊಟ್ಟಿದ್ದ ದುಡ್ಡಿನಲ್ಲಿ ಒಂದು ಸೀರೆ ತೆಗೆದುಕೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಅದು ನನ್ನ ಜೀವನದಲ್ಲೇ ಮೊದಲು.

ಉಳಿದ ಊರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಕರದಂಟು ಕೊಂಡೆವು. ಮೇಷ್ಟ್ರ ಮನೆತನದ ಹೆಸರು ಹೇಳಿ ಅಲ್ಲಿ ಇಲ್ಲಿ ವಿಚಾರಿಸಿದೆವು. ಯಾರಿಗೂ ಗೊತ್ತಿರಲಿಲ್ಲ. "ಈ ಕಡೆಯಿಂದ ಮಾಸ್ತರಾಗಿ ಹ್ವಾದವರು ಭಾಳ ಮಂದಿ ಅದಾರ್ರೀ" ಎಂದು ಕಂಡಕ್ಟರ್ ನಕ್ಕರು. ಪಟ್ಟದಕಲ್ಲು ನೋಡಿದೆವು. ಬಾದಾಮಿಯಲ್ಲಿ ಗುಹೆಗಳಿಗೆ ಹತ್ತಿದೆವು. ಕಪ್ಪೆ ಅರಭಟ್ಟನ ಶಾಸನ ಕೆರೆಯ ಆಚೆ ತುದಿಯ ಬಂಡೆಯ ಮೇಲಿದೆ, ತ್ರಿಪದಿಯಲ್ಲಿ ಬರೆದ ಬಹಳ ಹಳೆಯ ಶಾಸನ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ್ದರು. ಅಷ್ಟು ದೂರ ಹತ್ತಲು ಗೆಳತಿಯ ಮಂಡಿ ಒಪ್ಪಲಿಲ್ಲ, ಬಂಡೆಯನ್ನು ದೂರದಿಂದ ನೋಡಿದೆವು. ಗುಳೇದಗುಡ್ಡದಲ್ಲಿ ಖಣದ ಅಂಗಡಿಯವರು ನಾವು ಕೇಳುವ ಮೊದಲೇ ತ್ರಿಕೋನವಾಗಿ ಮಡಚಿ ಕೊಟ್ಟರು. ನಾನು ಅಮ್ಮನ ಟ್ರಂಕಿನ ಖಣ ಕೈಚೀಲದಲ್ಲಿ ತಂದಿದ್ದೆ. ಅವರು ಅದನ್ನು ನೋಡಿ, ಈ ನಮೂನಿ ಈಗ ನೇಯೋರು ಕಡಿಮಿ ಅಂದರು.

ವಿಜಯಪುರದ ಗೋಳಗುಮ್ಮಟದ ಮೆಟ್ಟಿಲು ಹತ್ತುವಾಗ ಮಂಡಿಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಅದು ಮುಹಮ್ಮದ್ ಆದಿಲ್‌ಶಾಹನ ಸಮಾಧಿ, 1656ರದ್ದು. ಮೇಲಿನ ಮೊಗಸಾಲೆಯಲ್ಲಿ ಪಿಸುಗುಟ್ಟಿದರೂ ಎದುರು ಗೋಡೆಯಲ್ಲಿ ಕೇಳುತ್ತದೆ, ಕೂಗಿದರೆ ಮತ್ತೆ ಮತ್ತೆ ಮಾರ್ದನಿ. ಸುತ್ತ ಶಾಲಾ ಮಕ್ಕಳು ಕಿರುಚುತ್ತಿದ್ದರು. ಅವರು ಇಳಿದು ಹೋಗುವವರೆಗೆ ಕಾದು, ಆಚೆ ಬದಿಯಲ್ಲಿ ನಿಂತ ನನ್ನ ಗೆಳತಿ ಕೂಗಿದ್ದೇನು ಗೊತ್ತೇ? "ಬನ್ನಿ ಮೇಡಂ, ಮ್ಯಾಚಿಂಗ್ ಬೇಕಾ!" ಆದಿಲ್‌ಶಾಹನ ತಲೆಯ ಮೇಲೆ ಕಮರ್ಷಿಯಲ್ ಸ್ಟ್ರೀಟ್ ಏಳೆಂಟು ಸಲ ಕೂಗಿತು. ನಗು ನಿಲ್ಲಿಸಲಾರದೆ ಅಲ್ಲೇ ಕೂತುಬಿಟ್ಟೆ.

ಬೆಂಗಳೂರಿಗೆ ಬಂದ ಮೇಲೆ ಎರಡು ತಿಂಗಳು ಸೀರೆ ಬೀರುವಿನಲ್ಲೇ ಇತ್ತು. ಮೇಷ್ಟ್ರ ಮನೆಯವರು ಹಲಸೂರಿನ ಹಳೇ ಮನೆಯಲ್ಲಿ ಇರಲಿಲ್ಲ. ಈ ಸಮಾವೇಶಕ್ಕೆಂದು ಹಳೇ ವಿದ್ಯಾರ್ಥಿಗಳು ಫೋನ್ ನಂಬರುಗಳನ್ನು ಕೂಡಿಸಲು ಶುರುಮಾಡಿದಾಗ ಅವರ ಮಗಳ ಮನೆ ಗೊತ್ತಾಯಿತು. ಫೆಬ್ರವರಿಯಲ್ಲಿ ಹೋದೆ. 80 ದಾಟಿದವರು, ಕಣ್ಣು ಮಂದ, ಮಾತು ಮಾತ್ರ ಚುರುಕು. ಸೀರೆ ಅವರ ಮಡಿಲಿಗಿಟ್ಟು, ಅವತ್ತು ನಾನು ಹೇಳಿದ್ದು ಸುಳ್ಳು ಅಮ್ಮ ಅಂದೆ. ಮುಂದೆ ಮಾತು ಬರಲಿಲ್ಲ.

ಅವರು ಬೆರಳಿನಿಂದ ಸೆರಗಿನ ಕುಣಿಕೆ ಹುಡುಕಿದರು. ಸಿಕ್ಕಿತು. ಆಮೇಲೆ ಹೇಳಿದರು: "ನಮಗ ಅಂಗಡ್ಯಾಗ ಗೊತ್ತಾಗಿತ್ತವಾ. ಹೊರಗ ಬಂದ ಮ್ಯಾಲ ನಾ ಅವರ ಮ್ಯಾಲ ಸಿಟ್ಟು ಮಾಡಿದೆ, ಗೊತ್ತಿದ್ದೂ ಯಾಕ ತಗೊಂಡ್ರಿ ಅಂತ. ಮಾಲಕ ಹಿಂದ ಕೂತಿದ್ದ, ಆ ಹುಡುಗಿ ಏನ ಹೇಳಬೇಕಿತ್ತು, ಅದರ ನೌಕರಿ ಹೋಗತಿತ್ತು ಅಂದ್ರು." ಅಷ್ಟು ಹೇಳಿ, ಮಗಳನ್ನು ಕರೆದು ಒಳಗಿಂದ ಆ ಹಳೇ ಸೀರೆ ತರಿಸಿದರು. ಸೀಮಂತದ ಹುಡುಗಿಗೆ ಅದನ್ನು ಕೊಡಲಿಲ್ಲವಂತೆ, ಬೇರೆ ಕೊಟ್ಟು ಇದನ್ನು ತಾವೇ ಉಟ್ಟರಂತೆ. "ಇಪ್ಪತ್ತೈದು ವರ್ಸ ಒಗದೀನಿ, ಬಣ್ಣ ಹ್ವಾಗಿಲ್ಲ ನೋಡು. ನಿನ್ನ ಸುಳ್ಳು ಗಟ್ಟಿಮುಟ್ಟದ" ಎಂದು ಜೋರಾಗಿ ನಕ್ಕರು. ಅಳುತ್ತಿದ್ದವಳಿಗೆ ನನಗೂ ನಗು ಬಂತು. ಹೊಸ ಸೀರೆ ಇಟ್ಟುಕೊಳ್ಳಿ ಎಂದರೆ ಒಪ್ಪಲಿಲ್ಲ. "ಈ ವಯಸ್ಸಿನಾಗ ನನಗ ಉಡಸೋರು ಯಾರು? ಎರಡೂ ಒಯ್ದು ಸಾಲಿ ಹುಡುಗೂರಿಗೆ ತೋರಿಸು" ಅಂದರು.

ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿಲ್ಲದಾಯಿತು, ಟ್ಯಾಂಕರ್ ಕಾಯುವುದರಲ್ಲೇ ಬೇಸಿಗೆ ಹೋಯಿತು. ಮೇ ತಿಂಗಳಲ್ಲಿ ಒಂದು ಸಲ ಮೊಳಕಾಲ್ಮುರಿಗೆ ಹೋಗಿ ರೇಷ್ಮೆ ಮಗ್ಗ ನೋಡಿ ಬಂದೆವು. ಅದು 61ನೇ ಟಿಕೆಟ್ಟು.

ಮಕ್ಕಳೇ, ವರಾಂಡದಲ್ಲಿ ವಿಜ್ಞಾನದ ಮಾದರಿಗಳ ಪಕ್ಕದ ಮೇಜಿನ ಮೇಲೆ ಎರಡು ಸೀರೆ, ಒಂದು ಖಣ ಇಟ್ಟಿದ್ದೇನೆ. ಯಾವುದು ಕೈಮಗ್ಗದ್ದು ಎಂದು ಚೀಟಿ ಅಂಟಿಸಿಲ್ಲ. ಸೆರಗು ಶುರುವಾಗುವ ಕಡೆ ಬೆರಳು ಆಡಿಸಿ ನೀವೇ ಹೇಳಬೇಕು. ಆದರೆ ಊಟಕ್ಕೆ ಮುಂಚೆ ಹೋಗಿ. ಊಟಕ್ಕೆ ಇವತ್ತು ಹೋಳಿಗೆ ಇದೆಯಂತೆ, ತುಪ್ಪದ ಕೈಯಲ್ಲಿ ಮುಟ್ಟಿದರೆ ನನ್ನ ಗೆಳತಿ ಅಲ್ಲೇ ನಿಂತಿರುತ್ತಾಳೆ.